ಡ್ರೈವ್ ಅಂದರೆ ಗೇರ್ ಅಲ್ಲ: ಸ್ಪಿಂಡಲ್‌ಗೆ ವಿಎಫ್‌ಡಿ ಕೊಳ್ಳುವ ಮುಂಚಿನ ಲೆಕ್ಕ

ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನಗೆ ಪರಿಚಯದ ಗೌಡರೊಬ್ಬರ ವರ್ಕ್‌ಶಾಪ್ ಇದೆ. ಒಂದು ಹಳೇ ರಾಜ್‌ಕೋಟ್ ಲೇತು, ಒಂದು ಮಿಲ್ಲಿಂಗ್ ಮೆಷಿನ್ನು, ಎರಡು ವೆಲ್ಡಿಂಗ್ ಸೆಟ್ಟು. ಟ್ರ್ಯಾಕ್ಟರ್ ಪಿನ್ನು, ಪಂಪಿನ ಶಾಫ್ಟು, ಕಾಫಿ ಪಲ್ಪರ್ ರಿಪೇರಿ, ಬಂದದ್ದೆಲ್ಲ ಕೆಲಸವೇ. ಲೇತಿನ ಹೆಡ್‌ಸ್ಟಾಕ್ ಒಳಗೆ, ವೇಗ ಇಳಿಸಿ ಬಲ ಏರಿಸುವ ಬ್ಯಾಕ್ ಗೇರಿನ ಹಲ್ಲು ಮುರಿದಾಗ ಯಾರೋ ಕಿವಿಯೂದಿದರು: ಗೇರ್ ಯಾಕೆ ಮಾಡಿಸ್ತೀರಿ, ಒಂದು ಡ್ರೈವ್ (ವಿಎಫ್‌ಡಿ, ಅಂದರೆ ಕರೆಂಟಿನ ಫ್ರೀಕ್ವೆನ್ಸಿ ಬದಲಿಸಿ ಮೋಟಾರಿನ ವೇಗ ಬದಲಿಸುವ ಪೆಟ್ಟಿಗೆ) ಹಾಕಿಸಿ, ಗುಂಡಿ ತಿರುಗಿಸಿದರೆ ಯಾವ ಸ್ಪೀಡ್ ಬೇಕೋ ಆ ಸ್ಪೀಡು. ಗೌಡರು 5 ಎಚ್‌ಪಿ ಮೋಟಾರಿಗೆ 5 ಎಚ್‌ಪಿ ಡ್ರೈವ್ ತಂದು ಹಾಕಿಸಿ, ಗೇರುಗಳನ್ನು ಬಿಟ್ಟು ಬೆಲ್ಟಿನಲ್ಲೇ ಸ್ಪಿಂಡಲ್ (ಜಾಬನ್ನು ತಿರುಗಿಸುವ ಮುಖ್ಯ ಶಾಫ್ಟು) ತಿರುಗುವ ಹಾಗೆ ಮಾಡಿಕೊಂಡರು.

ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ಸಣ್ಣ ಶಾಫ್ಟು, ಬುಷ್ಷು ನೀರು ಕುಡಿದಷ್ಟು ಸಲೀಸು. ಆಮೇಲೆ 300 ಮಿ.ಮೀ. ಸುತ್ತಳತೆಯಲ್ಲ, ವ್ಯಾಸವೇ 300 ಮಿ.ಮೀ. ಇರುವ ಉಕ್ಕಿನ ಫ್ಲೇಂಜ್ ಒಂದು ಫೇಸಿಂಗ್‌ಗೆ, ಅಂದರೆ ಮುಖ ಸಪಾಟು ಮಾಡಲು, ಬಂತು. ಟೂಲ್ ಅಂಚಿಗೆ ತಾಗಿದ್ದೇ ತಡ ಜಾಬ್ ಹಿಡಿದಿದ್ದ ಚಕ್ ಗಕ್ಕನೆ ನಿಂತಿತು, ಡ್ರೈವ್ ಓವರ್‌ಲೋಡ್ ಅಂತ ತೋರಿಸಿ ಟ್ರಿಪ್ ಆಯಿತು. ನನಗೆ ಫೋನ್ ಬಂತು. "ಸಾರ್, ಡ್ರೈವು ಡೂಪ್ಲಿಕೇಟ್ ಇರ್ಬೇಕು, ಬಂದು ನೋಡ್ರಿ."

ಡ್ರೈವ್ ಡೂಪ್ಲಿಕೇಟ್ ಆಗಿರಲಿಲ್ಲ. ತಪ್ಪಿದ್ದು ಲೆಕ್ಕ. ಆ ಲೆಕ್ಕ ಗೊತ್ತಿಲ್ಲದೆ ಯಾವ ಕಂಪನಿಯ ಡ್ರೈವ್ ತಂದರೂ ಚಕ್ ನಿಲ್ಲುತ್ತಿತ್ತು.

ಮೊದಲು ಡ್ರೈವ್ ಏನು ಮಾಡುತ್ತದೆ ನೋಡೋಣ. ಇಂಡಕ್ಷನ್ ಮೋಟಾರಿನ ವೇಗ ಎರಡರ ಮೇಲೆ ನಿಂತಿದೆ: ಕರೆಂಟಿನ ಫ್ರೀಕ್ವೆನ್ಸಿ, ಮೋಟಾರಿನ ಪೋಲ್‌ಗಳ ಸಂಖ್ಯೆ. 120ನ್ನು ಫ್ರೀಕ್ವೆನ್ಸಿಯಿಂದ ಗುಣಿಸಿ ಪೋಲ್‌ಗಳಿಂದ ಭಾಗಿಸಿದರೆ ವೇಗ. 50 ಹರ್ಟ್ಜ್, 4 ಪೋಲ್ ಅಂದರೆ 1500. ಲೋಡಿನಲ್ಲಿ ಸ್ವಲ್ಪ ಜಾರಿ 1440 ಸುಮಾರು. ಪೋಲ್ ಬದಲಿಸಲು ಮೋಟಾರನ್ನೇ ಬದಲಿಸಬೇಕು. ಆದ್ದರಿಂದ ಡ್ರೈವ್ ಫ್ರೀಕ್ವೆನ್ಸಿಯನ್ನು ಬದಲಿಸುತ್ತದೆ. ಕಂಬದಿಂದ ಬಂದ 415 ವೋಲ್ಟ್ ಎಸಿಯನ್ನು ಮೊದಲು ಡಿಸಿ ಮಾಡುತ್ತದೆ, ಅದು 587 ವೋಲ್ಟ್ ಆಸುಪಾಸು ಬರುತ್ತದೆ, ದಪ್ಪ ಕೆಪಾಸಿಟರ್‌ಗಳಲ್ಲಿ ತುಂಬಿಕೊಂಡಿರುತ್ತದೆ. ನಂತರ ಆರು ಐಜಿಬಿಟಿ ಸ್ವಿಚ್‌ಗಳು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತಾ ಆ ಡಿಸಿಯನ್ನು ಕತ್ತರಿಸಿ, ನಮಗೆ ಬೇಕಾದ ಫ್ರೀಕ್ವೆನ್ಸಿಯ ಮೂರು ಫೇಸ್ ಹೊರಗೆ ಕಳಿಸುತ್ತವೆ. ಮೋಟಾರಿನಿಂದ ಕೇಳಿಬರುವ ಆ ಸಣ್ಣ ಕೀಚಲು ಸದ್ದು ಇದೇ ಕತ್ತರಿಯದು.

ಫ್ರೀಕ್ವೆನ್ಸಿ ಇಳಿಸಿದಾಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು. 415ನ್ನು 50ರಿಂದ ಭಾಗಿಸಿದರೆ 8.3, ಅಂದರೆ ಪ್ರತಿ ಹರ್ಟ್ಜ್‌ಗೆ 8.3 ವೋಲ್ಟ್. 25 ಹರ್ಟ್ಜ್‌ನಲ್ಲಿ 207 ವೋಲ್ಟ್ ಸಾಕು. ವೋಲ್ಟೇಜ್ ಹಾಗೇ ಬಿಟ್ಟು ಫ್ರೀಕ್ವೆನ್ಸಿ ಮಾತ್ರ ಇಳಿಸಿದರೆ ಒಳಗಿನ ಕಬ್ಬಿಣಕ್ಕೆ ಹಿಡಿಸಲಾರದಷ್ಟು ಅಯಸ್ಕಾಂತ ತುಂಬುತ್ತದೆ, ಕರೆಂಟ್ ಏರುತ್ತದೆ, ವೈಂಡಿಂಗ್ ಕರಕಲಾಗುತ್ತದೆ. ಈ ಪ್ರಮಾಣ ಸರಿಯಾಗಿದ್ದರೆ 50 ಹರ್ಟ್ಜ್‌ಗಿಂತ ಕೆಳಗೆಲ್ಲ ಮೋಟಾರಿನ ತಿರುಚುವ ಬಲ, ಅಂದರೆ ಟಾರ್ಕ್, ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ.

ಗೌಡರು ಎಡವಿದ್ದು ಈ "ಒಂದೇ ಸಮ" ಅನ್ನುವಲ್ಲೇ. ಟಾರ್ಕ್ ಕಮ್ಮಿಯಾಗುವುದಿಲ್ಲ, ನಿಜ. ಆದರೆ ಜಾಸ್ತಿಯೂ ಆಗುವುದಿಲ್ಲ. ಮಂಗಳೂರು ಕಡೆಯಿಂದ ಲೋಡ್ ಲಾರಿ ಶಿರಾಡಿ ಘಾಟಿ ಹತ್ತಿ ಸಕಲೇಶಪುರಕ್ಕೆ ಬರುವಾಗ ಡ್ರೈವರ್ ಆಕ್ಸಿಲರೇಟರ್ ಬಿಟ್ಟು ನಿಧಾನ ಮಾಡುವುದಿಲ್ಲ, ಗೇರ್ ಇಳಿಸಿ ನಿಧಾನ ಮಾಡುತ್ತಾನೆ. ಎಂಜಿನ್ ಜೋರಾಗಿಯೇ ತಿರುಗುತ್ತಿರುತ್ತದೆ, ಚಕ್ರ ನಿಧಾನ, ಎಳೆತ ಹಲವು ಪಟ್ಟು. ಲೇತಿನ ಬ್ಯಾಕ್ ಗೇರ್ ಮಾಡುವುದೂ ಅದನ್ನೇ. ಡ್ರೈವ್ ಆಕ್ಸಿಲರೇಟರ್ ಇದ್ದ ಹಾಗೆ. ಟಾಪ್ ಗೇರಿನಲ್ಲೇ ಕಾಲು ಎತ್ತಿ ಘಾಟಿ ಹತ್ತು ಅಂದರೆ ಯಾವ ಲಾರಿ ಹತ್ತೀತು?

ಅವತ್ತು ಫ್ಲೇಂಜ್ ಪಕ್ಕದಲ್ಲೇ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದ ಲೆಕ್ಕ ಇಲ್ಲಿದೆ. ಕಾರ್ಬೈಡ್ ಟೂಲಿನಲ್ಲಿ ಹೊರ ಅಂಚು ನಿಮಿಷಕ್ಕೆ 80 ಮೀಟರ್ ವೇಗದಲ್ಲಿ ಓಡಲಿ ಅಂದರೆ, 300 ಮಿ.ಮೀ. ವ್ಯಾಸಕ್ಕೆ ಸ್ಪಿಂಡಲ್ 85 ಆರ್‌ಪಿಎಂ ತಿರುಗಬೇಕು. ಕಟ್ಟಿನ ಆಳ 2 ಮಿ.ಮೀ., ಒಂದು ಸುತ್ತಿಗೆ ಟೂಲ್ ಸರಿಯುವುದು (ಫೀಡ್) 0.2 ಮಿ.ಮೀ. ಇಂಥ ಉಕ್ಕು ಕತ್ತರಿಸಲು ಚಚ್ಚೌಕ ಮಿಲಿಮೀಟರಿಗೆ ಸುಮಾರು 2000 ನ್ಯೂಟನ್ ಹಿಡಿದರೆ, ಟೂಲಿನ ಮೇಲೆ 800 ನ್ಯೂಟನ್ ಬಲ. ಅದು ನಡುವಿನಿಂದ 150 ಮಿ.ಮೀ. ದೂರದಲ್ಲಿ ಬೀಳುತ್ತದೆ, ಹಾಗಾಗಿ ಸ್ಪಿಂಡಲ್‌ಗೆ ಬೇಕಾದ ಟಾರ್ಕ್ 120 ನ್ಯೂಟನ್-ಮೀಟರ್.

ಈಗ ಮೋಟಾರಿನ ಕಡೆ ಬನ್ನಿ. 5 ಎಚ್‌ಪಿ ಅಂದರೆ 3.7 ಕಿಲೋವ್ಯಾಟ್. ಕಿಲೋವ್ಯಾಟನ್ನು 9550ರಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ ಟಾರ್ಕ್ ಬರುತ್ತದೆ: 24.5 ನ್ಯೂಟನ್-ಮೀಟರ್. ಗೌಡರ ಪುಲ್ಲಿ ಒಂದಕ್ಕೆ ಎರಡು, ಆದ್ದರಿಂದ ಸ್ಪಿಂಡಲ್‌ನಲ್ಲಿ 49. ಡ್ರೈವ್ ಒಂದು ನಿಮಿಷದ ಮಟ್ಟಿಗೆ ಒಂದೂವರೆ ಪಟ್ಟು ದೂಡಿದರೂ 73. ಬೇಕಾದದ್ದು 120. ಚಕ್ ನಿಲ್ಲದೆ ಇನ್ನೇನು ಮಾಡೀತು?

ಮಜಾ ಇರುವುದು ಪವರ್ ಲೆಕ್ಕದಲ್ಲಿ. ಆ ಕಟ್ಟಿಗೆ ಬೇಕಾದ ಪವರ್ ಬರೀ 1.07 ಕಿಲೋವ್ಯಾಟ್. "ನನ್ನ ಮೋಟಾರು ಮೂರು ಪಟ್ಟು ದೊಡ್ಡದಲ್ವಾ ಸಾರ್" ಅಂದರು ಗೌಡರು. ಹೌದು, 1440ರಲ್ಲಿ ತಿರುಗಿದರೆ. ಸ್ಪಿಂಡಲ್ 85 ಅಂದರೆ ಆ ಪುಲ್ಲಿಯಲ್ಲಿ ಮೋಟಾರು 170ರಲ್ಲಿ ತಿರುಗುತ್ತಿದೆ. ಆ ವೇಗದಲ್ಲಿ ಅದರಿಂದ ಬರುವ ಪವರ್ 436 ವ್ಯಾಟ್. 5 ಎಚ್‌ಪಿ ಮೋಟಾರು ಆ ಗಳಿಗೆಗೆ ಮುಕ್ಕಾಲು ಎಚ್‌ಪಿಯೂ ಅಲ್ಲ. ಅದೇ ಪುಲ್ಲಿಯ ಜೊತೆ 1:8ರ ಬ್ಯಾಕ್ ಗೇರ್ ಇದ್ದಿದ್ದರೆ ಮೋಟಾರು 1360ರಲ್ಲಿ ಆರಾಮಾಗಿ ಓಡುತ್ತಾ ಸ್ಪಿಂಡಲ್‌ಗೆ 392 ನ್ಯೂಟನ್-ಮೀಟರ್ ಕೊಡುತ್ತಿತ್ತು.

ಗೇರೇ ಬೇಡ ಅನ್ನುವುದಾದರೆ ಮೋಟಾರನ್ನು ದೊಡ್ಡದು ಮಾಡಬೇಕು. 120ಕ್ಕೆ ಪುಲ್ಲಿ ಕಳೆದು ಮೋಟಾರಿನಲ್ಲಿ 60 ಬೇಕು, ಅದು 9 ಕಿಲೋವ್ಯಾಟ್. ಸ್ವಲ್ಪ ಉಸಿರಾಡಲು ಜಾಗ ಬಿಟ್ಟರೆ 11 ಕಿಲೋವ್ಯಾಟ್, ಅಂದರೆ 15 ಎಚ್‌ಪಿ. ಒಂದು ಕಿಲೋವ್ಯಾಟ್ ಕೆಲಸಕ್ಕೆ 15 ಎಚ್‌ಪಿ ಮೋಟಾರು, 15 ಎಚ್‌ಪಿ ಡ್ರೈವು! ಗೇರಿಲ್ಲದ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್‌ಗಳಲ್ಲಿ ಅಷ್ಟು ದಪ್ಪ ಸ್ಪಿಂಡಲ್ ಮೋಟಾರ್ ಯಾಕಿರುತ್ತದೆ ಅನ್ನುವುದಕ್ಕೂ ಇದೇ ಉತ್ತರ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ನಾನು ಕೇಳುವ ಮೊದಲ ಪ್ರಶ್ನೆ ಮೋಟಾರು ಎಷ್ಟು ಎಚ್‌ಪಿ ಅಂತಲ್ಲ. ನಿಮ್ಮಲ್ಲಿ ಬರುವ ಅತಿ ದೊಡ್ಡ ವ್ಯಾಸದ ಜಾಬ್ ಯಾವುದು, ಅದನ್ನು ಎಷ್ಟು ನಿಧಾನಕ್ಕೆ ಕತ್ತರಿಸುತ್ತೀರಿ ಅಂತ. ಉತ್ತರ ಸಣ್ಣ ಶಾಫ್ಟುಗಳಷ್ಟೇ ಅಂದರೆ ಗೇರ್ ಬಿಟ್ಟರೂ ನಡೆಯುತ್ತದೆ. ಇಲ್ಲವಾದರೆ ಗೇರ್ ಉಳಿಸಿಕೊಳ್ಳಿ, ಎರಡು ಮೂರು ಗೇರ್ ಸಾಕು, ನಡುವಿನ ವೇಗಗಳನ್ನು ಡ್ರೈವ್ ತುಂಬುತ್ತದೆ.

ಮೇಲುಗಡೆಯ ವೇಗಕ್ಕೂ ಒಂದು ಮಿತಿ ಇದೆ. 50 ಹರ್ಟ್ಜ್ ದಾಟಿದ ಮೇಲೆ ವೋಲ್ಟೇಜ್ 415ಕ್ಕಿಂತ ಮೇಲೇರಲು ಸಾಧ್ಯವಿಲ್ಲ, ಟಾರ್ಕ್ ಇಳಿಯುತ್ತಾ ಹೋಗುತ್ತದೆ. 100 ಹರ್ಟ್ಜ್‌ನಲ್ಲಿ ಅರ್ಧ. ಸಾದಾ ಮೋಟಾರಿನಲ್ಲಿ ನಾನು 70ಕ್ಕಿಂತ ಮೇಲೆ ಬಿಡುವುದಿಲ್ಲ. ಚಕ್ಕಿನ ಮುಖದ ಮೇಲೆ ಗರಿಷ್ಠ ಆರ್‌ಪಿಎಂ ಕೆತ್ತಿರುತ್ತಾರೆ, ಅದನ್ನು ಮೀರುವ ಹಾಗಂತೂ ಇಲ್ಲವೇ ಇಲ್ಲ.

ಇನ್ನು ಡ್ರೈವಿನ ಪೆಟ್ಟಿಗೆ. ಅದರ ಮೇಲೆ ಎಷ್ಟೋ ಸಲ ಎರಡು ರೇಟಿಂಗ್ ಇರುತ್ತದೆ: ನಾರ್ಮಲ್ ಡ್ಯೂಟಿ, ಹೆವಿ ಡ್ಯೂಟಿ. ನಾರ್ಮಲ್ ಅಂದರೆ ಫ್ಯಾನು, ಪಂಪಿಗೆ. ಓವರ್‌ಲೋಡ್ ಒಂದು ನಿಮಿಷಕ್ಕೆ ಶೇ. 110ರಿಂದ 120. ಹೆವಿ ಅಂದರೆ ಶೇ. 150. ಪಂಪಿಗೆ 7.5 ಎಚ್‌ಪಿ ಅನಿಸಿಕೊಳ್ಳುವ ಪೆಟ್ಟಿಗೆಯೇ ಲೇತಿಗೆ ಬಂದರೆ 5 ಎಚ್‌ಪಿ. ಅಂಗಡಿಯವರು ದೊಡ್ಡ ಅಂಕಿಯನ್ನೇ ಹೇಳುತ್ತಾರೆ, ಅವರ ವ್ಯಾಪಾರ ಅದು. ನೀವು ಮೋಟಾರಿನ ನೇಮ್‌ಪ್ಲೇಟ್‌ನ ಆಂಪಿಯರ್ ಬರೆದುಕೊಂಡು ಹೋಗಿ, ಡ್ರೈವಿನ ಹೆವಿ ಡ್ಯೂಟಿ ಆಂಪಿಯರ್ ಅದಕ್ಕಿಂತ ಜಾಸ್ತಿ ಇದೆಯೇ ನೋಡಿ. ಹಳೇ ಮೋಟಾರುಗಳು, ಅದರಲ್ಲೂ ರೀವೈಂಡ್ ಆದವು, ಪ್ಲೇಟಿನಲ್ಲಿರುವುದಕ್ಕಿಂತ ಹೆಚ್ಚೇ ಎಳೆಯುತ್ತವೆ. ಅಂಥಲ್ಲಿ ಒಂದು ಸೈಜ್ ಮೇಲಿನದು ತರುವುದು ಒಳ್ಳೆಯದು.

ಸೆನ್ಸರ್‌ಲೆಸ್ ವೆಕ್ಟರ್ ಅನ್ನುವ ಸೌಲಭ್ಯ ಇರಲಿ. ಸಾದಾ ವಿ-ಬೈ-ಎಫ್ (ಮೇಲೆ ಹೇಳಿದ, ಹರ್ಟ್ಜ್‌ಗೆ ಇಷ್ಟು ವೋಲ್ಟ್ ಅನ್ನುವ ಲೆಕ್ಕ) ಕಣ್ಣು ಮುಚ್ಚಿ ವೋಲ್ಟೇಜ್ ಕಳಿಸುತ್ತದೆ. ವೆಕ್ಟರ್ ಮೋಟಾರಿನ ಕರೆಂಟ್ ಅಳೆದು, ಒಳಗೆ ಏನು ನಡೆಯುತ್ತಿದೆ ಅಂತ ಅಂದಾಜು ಮಾಡಿ, ಕೆಳ ವೇಗದಲ್ಲಿ ಬಲ ಹಿಡಿದಿಡುತ್ತದೆ. ಆದರೆ ಹಾಕಿದ ದಿನವೇ ಆಟೋ ಟ್ಯೂನಿಂಗ್, ಅಂದರೆ ಡ್ರೈವ್ ತಾನೇ ಮೋಟಾರನ್ನು ಅಳೆದುಕೊಳ್ಳುವ ಕೆಲಸ, ಮಾಡಬೇಕು. ಮಾಡದಿದ್ದರೆ ವೆಕ್ಟರ್‌ಗೆ ಕೊಟ್ಟ ದುಡ್ಡು ದಂಡ. ಸ್ಪಿಂಡಲ್ ಎಲ್ಲಿದೆ ಅಂತ ಅಳೆಯುವ ಎನ್‌ಕೋಡರ್ ಇರುವ ಕ್ಲೋಸ್ಡ್ ಲೂಪ್ ಡ್ರೈವ್ ಬೇಕಾಗುವುದು ಸಿಎನ್‌ಸಿಯಲ್ಲಿ ರಿಜಿಡ್ ಟ್ಯಾಪಿಂಗ್ (ತೂತಿನೊಳಗೆ ಥ್ರೆಡ್ ಕೊರೆಯುವುದು) ಮಾಡುವವರಿಗೆ. ಎಂ8 ಟ್ಯಾಪ್ ಒಂದು ಸುತ್ತು ತಿರುಗಿದರೆ ಅಕ್ಷ ಸರಿಯಾಗಿ 1.25 ಮಿ.ಮೀ. ಇಳಿಯಬೇಕು, ಸ್ಪಿಂಡಲ್ ಎಲ್ಲಿದೆ ಅಂತ ಅಂದಾಜಿನಲ್ಲಿ ಹೇಳಿದರೆ ಟ್ಯಾಪ್ ಜಾಬಿನೊಳಗೇ ಮುರಿಯುತ್ತದೆ. ಟೂಲ್ ಚೇಂಜರ್‌ಗೆ ಸ್ಪಿಂಡಲ್ ಒಂದೇ ಜಾಗದಲ್ಲಿ ನಿಲ್ಲಬೇಕಾದಲ್ಲೂ ಅಷ್ಟೇ. ಗೌಡರ ಲೇತಿಗೆ ಇದಾವುದೂ ಬೇಡ.

ಬೇಕಾದದ್ದು ಒಂದು ಬ್ಲೋವರ್. ಮೋಟಾರಿನ ಹಿಂದಿನ ಫ್ಯಾನ್ ಅದರ ಶಾಫ್ಟಿಗೇ ಕೂತಿರುತ್ತದೆ. ಶಾಫ್ಟ್ ನಿಧಾನವಾದರೆ ಗಾಳಿಯೂ ನಿಧಾನ, ಆದರೆ ಕರೆಂಟ್ ಪೂರ್ತಿ. 15-20 ಹರ್ಟ್ಜ್ ಕೆಳಗೆ ಬಹಳ ಹೊತ್ತು ಕೆಲಸ ಇದ್ದರೆ ಬೇರೆ ಕನೆಕ್ಷನ್ನಿನ ಬ್ಲೋವರ್ ಹಿಂದೆ ಕೂರಿಸಬೇಕು.

ಇದಕ್ಕೆ ತಿರುಗಾಮುರುಗಾ ಕಥೆ ಚಿಕ್ಕಮಗಳೂರಿನಲ್ಲಿ ನೋಡಿದೆ. ಬಾಗಿಲಿಗೆ ಹೂವು-ಬಳ್ಳಿ ಕೆತ್ತುವ ಮರದ ರೂಟರ್. ಅದರ ಸ್ಪಿಂಡಲ್ 2.2 ಕಿಲೋವ್ಯಾಟ್, 220 ವೋಲ್ಟ್, 400 ಹರ್ಟ್ಜ್, 24,000 ಆರ್‌ಪಿಎಂ. ಹಳೇ ಡ್ರೈವ್ ಸುಟ್ಟಿತ್ತು, ಹೊಸದು ತಂದು ಮೂರು ವೈರ್ ಸೇರಿಸಿದ್ದರು. ಡ್ರೈವಿನ ಬೇಸ್ ಫ್ರೀಕ್ವೆನ್ಸಿ ಕಾರ್ಖಾನೆಯಿಂದ ಬಂದ ಹಾಗೆ 50ರಲ್ಲೇ ಇತ್ತು. ಅಂದರೆ 50 ಹರ್ಟ್ಜ್‌ಗೇ 220 ವೋಲ್ಟ್ ಪೂರ್ತಿ ಹೋಗುತ್ತಿತ್ತು. ಆ ಸ್ಪಿಂಡಲ್‌ಗೆ 50ರಲ್ಲಿ ಬೇಕಾದದ್ದು ಬರೀ 27.5 ವೋಲ್ಟ್. ನಾನು ಹೋಗುವಷ್ಟರಲ್ಲಿ ವಾರ್ನಿಷ್ ಸುಟ್ಟ ವಾಸನೆ ಬೀದಿಗೇ ಬರುತ್ತಿತ್ತು. ಹೈಸ್ಪೀಡ್ ಸ್ಪಿಂಡಲ್ ಇದ್ದವರು ಎರಡು ವಿಷಯ ನೋಡಿ: ಡ್ರೈವ್ 400 ಹರ್ಟ್ಜ್ ಕೊಡುತ್ತದೆಯೇ, ಬೇಸ್ ಫ್ರೀಕ್ವೆನ್ಸಿ ಮತ್ತು ಗರಿಷ್ಠ ಫ್ರೀಕ್ವೆನ್ಸಿ ಎರಡನ್ನೂ 400 ಮಾಡಿದ್ದೀರಾ. ರನ್ ಬಟನ್ ಒತ್ತುವುದು ಆಮೇಲೆ.

ತಿರುಗಿಸುವುದಕ್ಕಿಂತ ನಿಲ್ಲಿಸುವುದು ಕಷ್ಟ ಅಂತ ಡ್ರೈವ್ ಕೊಳ್ಳುವವರಿಗೆ ತಡವಾಗಿ ಗೊತ್ತಾಗುತ್ತದೆ. 25 ಕೆಜಿಯ, 250 ಮಿ.ಮೀ. ಚಕ್ 1500 ಆರ್‌ಪಿಎಂನಲ್ಲಿ ತಿರುಗುವಾಗ ಅದರಲ್ಲಿ ಸುಮಾರು 2400 ಜೂಲ್ ಶಕ್ತಿ ಅಡಗಿರುತ್ತದೆ. ನಿಲ್ಲಿಸು ಅಂದ ಕೂಡಲೇ ಮೋಟಾರು ಜನರೇಟರ್ ಆಗಿ ಆ ಶಕ್ತಿಯನ್ನು ವಾಪಸ್ ಡ್ರೈವಿಗೆ ತಳ್ಳುತ್ತದೆ. ಡ್ರೈವಿನ ಕೆಪಾಸಿಟರ್ 600 ಮೈಕ್ರೋಫ್ಯಾರಡ್ ಅಂತ ಇಟ್ಟುಕೊಳ್ಳಿ. 587ರಿಂದ ಟ್ರಿಪ್ ಆಗುವ 800 ವೋಲ್ಟ್‌ವರೆಗೆ ಏರುವಷ್ಟರಲ್ಲಿ ಅದಕ್ಕೆ ಹಿಡಿಸುವುದು 90 ಜೂಲ್‌ಗಿಂತ ಕಮ್ಮಿ. ಪಾವಿಗೆ ಕೊಳಗದಷ್ಟು ರಾಗಿ ಸುರಿದ ಹಾಗೆ. ಸ್ವಲ್ಪ ಮೋಟಾರಿನಲ್ಲೇ ಬಿಸಿಯಾಗಿ ಹೋಗುತ್ತದೆ, ಉಳಿದದ್ದಕ್ಕೆ ದಾರಿ ಇಲ್ಲದೆ ಓವರ್‌ವೋಲ್ಟೇಜ್ ಟ್ರಿಪ್.

ದಾರಿ ಎರಡು. ನಿಲ್ಲುವ ಸಮಯವನ್ನು ಎರಡು ಸೆಕೆಂಡಿನಿಂದ ಆರೇಳು ಸೆಕೆಂಡಿಗೆ ಏರಿಸುವುದು, ಅಥವಾ ಬ್ರೇಕಿಂಗ್ ರೆಸಿಸ್ಟರ್ ಹಾಕಿ ಆ ಶಕ್ತಿಯನ್ನು ಸುಡುವುದು. ಸಣ್ಣ ಡ್ರೈವ್‌ಗಳಲ್ಲಿ ಬಹುಪಾಲು ಬ್ರೇಕ್ ಚಾಪರ್ (ಶಕ್ತಿಯನ್ನು ರೆಸಿಸ್ಟರಿಗೆ ಕಳಿಸುವ ಸ್ವಿಚ್ಚು) ಒಳಗೇ ಇರುತ್ತದೆ, ಆದರೂ ಕೇಳಿಕೊಳ್ಳಿ. ರೆಸಿಸ್ಟರ್ ಎಷ್ಟು ಓಮ್ ಅಂತ ಮ್ಯಾನ್ಯುಯಲ್‌ನಲ್ಲಿ ಕನಿಷ್ಠ ಕೊಟ್ಟಿರುತ್ತಾರೆ, ಅದಕ್ಕಿಂತ ಕಮ್ಮಿ ಓಮ್ ಹಾಕಿದರೆ ಚಾಪರ್ರೇ ಹೋಗುತ್ತದೆ. ಇನ್ನೊಂದು, ಇದು ಪ್ರಾಣಕ್ಕೆ ಸಂಬಂಧಿಸಿದ್ದು: ಹಳೇ ಲೇತ್‌ಗಳಲ್ಲಿ ಚಕ್ಕನ್ನು ಸ್ಪಿಂಡಲ್ ಮೂತಿಯ ಥ್ರೆಡ್ಡಿಗೆ ತಿರುಗಿಸಿ ಕೂರಿಸಿರುತ್ತಾರೆ. ಜೋರಾಗಿ ಬ್ರೇಕ್ ಹಾಕಿದರೆ, ಗಕ್ಕನೆ ರಿವರ್ಸ್ ಕೊಟ್ಟರೆ ಚಕ್ ಬಿಚ್ಚಿಕೊಂಡು ಹಾರುತ್ತದೆ. ಅಂಥ ಲೇತಿಗೆ ರೆಸಿಸ್ಟರ್ ಬೇಡವೇ ಬೇಡ, ನಿಧಾನಕ್ಕೇ ನಿಲ್ಲಲಿ.

ಸಿಂಗಲ್ ಫೇಸ್ ಮಾತ್ರ ಇರುವ ಹಳ್ಳಿಯ ಶೆಡ್ಡುಗಳವರು ಕೇಳುತ್ತಿರುತ್ತಾರೆ. 230 ವೋಲ್ಟ್ ಸಿಂಗಲ್ ಫೇಸ್ ಕೊಟ್ಟರೆ ಮೂರು ಫೇಸ್ ಕೊಡುವ ಡ್ರೈವ್‌ಗಳು ಇವೆ, ಸಾಮಾನ್ಯವಾಗಿ 3 ಎಚ್‌ಪಿವರೆಗೆ. ಆದರೆ ಹೊರಗೆ ಬರುವುದೂ 230 ವೋಲ್ಟೇ, 415 ಅಲ್ಲ. ಮೋಟಾರು 415ಕ್ಕೆ ಸ್ಟಾರ್‌ನಲ್ಲಿದ್ದು (ಸ್ಟಾರ್, ಡೆಲ್ಟಾ ಅನ್ನುವುದು ವೈಂಡಿಂಗ್ ಜೋಡಿಸುವ ಎರಡು ಬಗೆ) ಆರೂ ತುದಿ ಹೊರಗಿದ್ದರೆ ಡೆಲ್ಟಾಗೆ ಬದಲಿಸಿಕೊಂಡು ಬಳಸಬಹುದು. 415ಕ್ಕೇ ಡೆಲ್ಟಾ ಆಗಿದ್ದರೆ 27-28 ಹರ್ಟ್ಜ್ ದಾಟಿದ ಮೇಲೆ ಬಲ ಸೋರಿಹೋಗುತ್ತದೆ.

ವೈರಿಂಗ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕಂಬದ ಕರೆಂಟನ್ನು ಮೋಟಾರಿಗೆ ಹೋಗುವ ಯು, ವಿ, ಡಬ್ಲ್ಯು ಟರ್ಮಿನಲ್‌ಗೆ ಕೊಟ್ಟರೆ ಡ್ರೈವ್ ಅಲ್ಲೇ ಢಮಾರ್. ಡ್ರೈವ್ ಮತ್ತು ಮೋಟಾರಿನ ನಡುವೆ ಕೆಪಾಸಿಟರ್ ಇರಬಾರದು, ಓಡುವಾಗ ಬಿಚ್ಚಿ ಮುಚ್ಚುವ ಕಾಂಟ್ಯಾಕ್ಟರ್ ಇರಬಾರದು. ಹಳೇ ಫಾರ್ವರ್ಡ್-ರಿವರ್ಸ್ ಸ್ವಿಚ್ಚನ್ನು ಅಲ್ಲಿಂದ ಕಿತ್ತು ಕಂಟ್ರೋಲ್ ವೈರಿಗೆ ಹಾಕಿ. ಮೋಟಾರಿಗೆ ಶೀಲ್ಡ್ ಕೇಬಲ್, ಅರ್ತಿಂಗ್ ಗಟ್ಟಿ. ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಸುಮಾರು 600 ವೋಲ್ಟ್ ಕೂತಿರುತ್ತದೆ. ಹತ್ತು ನಿಮಿಷ ಟೀ ಕುಡಿದು ಬಂದು ಮುಚ್ಚಳ ತೆಗೆಯಿರಿ.

ನಮ್ಮೂರುಗಳಿಗೆ ಮಾತ್ರ ಹೊಂದುವ ಒಂದು ತಮಾಷೆ. ಡ್ರೈವ್‌ಗಳ ಮ್ಯಾನ್ಯುಯಲ್‌ನಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ: ಸಮುದ್ರಮಟ್ಟದಿಂದ 1000 ಮೀಟರ್‌ವರೆಗೆ ಪೂರ್ತಿ ರೇಟಿಂಗ್, ಮೇಲೆ ಪ್ರತಿ 100 ಮೀಟರಿಗೆ ಸುಮಾರು ಶೇ. 1 ಕಡಿತ, ಗಾಳಿ ತೆಳುವಾದಷ್ಟೂ ತಂಪು ಮಾಡುವ ಶಕ್ತಿ ಕಮ್ಮಿ. ಹಾಸನ ಈ ಗೆರೆಯ ಸ್ವಲ್ಪ ಕೆಳಗೆ, ಚಿಕ್ಕಮಗಳೂರು ಸ್ವಲ್ಪ ಮೇಲೆ. ಊರೊಳಗೆ ಶೇ. 1 ಲೆಕ್ಕಕ್ಕಿಲ್ಲ. ನಮಗೆ ಕಾಟ ಕೊಡುವುದು ಬೇರೆ: ಮಳೆಗಾಲದ ತೇವ, ಸಿಡಿಲು, ಹಲ್ಲಿ. ಮೂಡಿಗೆರೆ ಕಡೆಯ ಎಸ್ಟೇಟಿನ ಪ್ಯಾನೆಲ್ ಒಂದರಲ್ಲಿ ತೆರೆದಾಗ ಪವರ್ ಟರ್ಮಿನಲ್‌ಗಳ ಮೇಲೆ ಅಡ್ಡಡ್ಡ ಒಣಗಿ ಅಂಟಿದ ಹಲ್ಲಿ ಇತ್ತು, ಬಾಲ ಒಂದು ಫೇಸಿನಲ್ಲಿ, ತಲೆ ಇನ್ನೊಂದರಲ್ಲಿ. ಕೇಬಲ್ ತೂತಿಗೆ ಗ್ಲ್ಯಾಂಡ್ ಹಾಕಿದ್ದರೆ ಡ್ರೈವೂ ಉಳಿಯುತ್ತಿತ್ತು, ಹಲ್ಲಿಯೂ. ಎರಕದ ಕಬ್ಬಿಣ ಕತ್ತರಿಸುವ ಕಡೆ ಕರಿ ಧೂಳು ಕರೆಂಟ್ ಹರಿಸುತ್ತದೆ, ಆದ್ದರಿಂದ ಧೂಳು ತಡೆಯದ ಬರೀ ಐಪಿ20 ಡ್ರೈವನ್ನು ಗೋಡೆಗೆ ತೂಗುಹಾಕಬೇಡಿ, ಮುಚ್ಚಿದ ಪೆಟ್ಟಿಗೆಯಲ್ಲಿಡಿ. ಹಾಸನದಲ್ಲಿ ಚೆಸ್ಕಾಂ ಇರಲಿ, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ ಇರಲಿ, ಲೈನಿನ ಕೊನೆಯಲ್ಲಿದ್ದವರು ಇನ್‌ಪುಟ್ ಚೋಕ್ ಮತ್ತು ಸರ್ಜ್ ಪ್ರೊಟೆಕ್ಟರ್ ಎರಡನ್ನೂ ಹಾಕಿಕೊಳ್ಳಬೇಕು.

ತರುವುದು ಎಲ್ಲಿಂದ? ಡೆಲ್ಟಾ, ಯಸ್ಕಾವಾ, ಮಿತ್ಸುಬಿಷಿ, ಸೀಮೆನ್ಸ್, ಎಬಿಬಿ, ಡ್ಯಾನ್‌ಫಾಸ್, ಶ್ನೈಡರ್, ಎಲ್ಲದರ ಡೀಲರುಗಳೂ ಬೆಂಗಳೂರಿನಲ್ಲಿದ್ದಾರೆ. ಪೀಣ್ಯದಿಂದ ಬೆಳಿಗ್ಗೆ ಬಸ್ಸಿಗೆ ಹಾಕಿದರೆ ಸಂಜೆಯೊಳಗೆ ಹಾಸನ ಬಸ್‌ಸ್ಟ್ಯಾಂಡಿನಲ್ಲಿ ಪಾರ್ಸೆಲ್. ಯಾವ ಬ್ರ್ಯಾಂಡ್ ಅನ್ನುವುದಕ್ಕಿಂತ ಆ ಬ್ರ್ಯಾಂಡಿನದೇ ಇನ್ನೊಂದು ಡ್ರೈವ್ ನಿಮ್ಮೂರಿನಲ್ಲಿ ಯಾರ ಹತ್ತಿರ ಇದೆ ಅನ್ನುವುದನ್ನು ನಾನು ನೋಡುತ್ತೇನೆ. ಕೆಟ್ಟ ದಿನ ಕೀಪ್ಯಾಡ್ ಬದಲಿಸಿ ನೋಡಲು, ಫ್ಯಾನ್ ತಂದು ಹಾಕಲು ಅದೇ ಒದಗುತ್ತದೆ.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತದ್ದು. ಒಮ್ಮೆ ಅರ್ಧ ಬೆಲೆಗೆ ಸಿಕ್ಕಿತು ಅಂತ ಹೆಸರೇ ಕೇಳದ ಡ್ರೈವೊಂದನ್ನು ತರಿಸಿದೆ. ಐದನೇ ತಿಂಗಳಿಗೆ ಪರದೆಯ ಮೇಲೆ ಒಂದು ಕೋಡ್ ಬಂತು, ಜೊತೆಗಿದ್ದ ಪುಸ್ತಕದಲ್ಲಿ ಆ ಕೋಡೇ ಇಲ್ಲ. ಮಾರಿದವನು ಮೊದಲು ನಾಳೆ ಅಂದ, ಆಮೇಲೆ ಫೋನ್ ಎತ್ತಲಿಲ್ಲ. ಗಿರಾಕಿಗೆ ಹೊಸದನ್ನು ನನ್ನ ಕೈಯಿಂದಲೇ ಹಾಕಿಕೊಟ್ಟೆ. ಈಗ ಜಿಎಸ್‌ಟಿ ಬಿಲ್ಲು, ಬಿಲ್ಲಿನಲ್ಲಿ ಸೀರಿಯಲ್ ನಂಬರು, ಆ ನಂಬರನ್ನು ಕಂಪನಿಗೆ ಕೇಳಿ ಖಚಿತ ಮಾಡಿಕೊಂಡ ಮೇಲೇ ಪೆಟ್ಟಿಗೆ ಒಡೆಯುವುದು. ಸೆಕೆಂಡ್ ಹ್ಯಾಂಡ್ ತರುವುದಾದರೆ ಎಷ್ಟು ದಿನದಿಂದ ಕರೆಂಟಿಲ್ಲದೆ ಬಿದ್ದಿದೆ ಕೇಳಿ. ವರ್ಷಕ್ಕಿಂತ ಜಾಸ್ತಿಯಾಗಿದ್ದರೆ ಕೆಪಾಸಿಟರ್‌ಗಳಿಗೆ ವೇರಿಯಾಕ್‌ನಿಂದ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) ಸ್ವಲ್ಪ ಸ್ವಲ್ಪವೇ ವೋಲ್ಟೇಜ್ ಏರಿಸಿ ಎಬ್ಬಿಸಬೇಕು, ಒಮ್ಮೆಲೇ ಕೊಟ್ಟರೆ ಸಿಡಿಯಬಹುದು.

ಗೌಡರು ಕೊನೆಗೆ ಬ್ಯಾಕ್ ಗೇರಿಗೆ ಹೊಸ ಹಲ್ಲು ಕೊರೆಸಿ ಹಾಕಿಸಿದರು. ಡ್ರೈವ್ ಅದೇ ಇದೆ, ನಿಲ್ಲುವ ಸಮಯ ಆರು ಸೆಕೆಂಡ್, ಕೆಳಗಿನ ಮಿತಿ 20 ಹರ್ಟ್ಜ್. ಪ್ಯಾರಾಮೀಟರುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿದ್ದೇನೆ. ಫ್ಲೇಂಜ್ ಫೇಸಿಂಗ್ ಮುಗಿದ ದಿನ ಅವರ ಟರ್ನರ್ ಹೇಳಿದ: "ಗೇರು ಹಾಕಿದ್ಮೇಲೆ ಡ್ರೈವಿಗೂ ಮರ್ಯಾದೆ ಬಂತು ನೋಡಣ್ಣ." ನೆಲದ ಮೇಲಿನ ಸೀಮೆಸುಣ್ಣದ ಲೆಕ್ಕದ ಮೇಲೆ ಅಷ್ಟುಹೊತ್ತಿಗೆ ಚಿಪ್ಸು ಬಿದ್ದು ಮುಚ್ಚಿಹೋಗಿತ್ತು.